ಕೇಕ್ ಕೂತರೆ, ಬಿಸ್ಕತ್ತು ಹರಡಿದರೆ: ದಾವಣಗೆರೆಯ ಪುಟ್ಟ ಬೇಕರ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಕೆಟ್ಟ ಕೇಕನ್ನು ಬಿಸಾಡಬೇಡಿ. ಪೂರ್ತಿ ಆರಲಿ. ಆಮೇಲೆ ಸರಿಯಾಗಿ ನಡುವೆ ಕುಯ್ದು ಎರಡು ಹೋಳು ಮಾಡಿ, ಬೆಳಕಿಗೆ ಹಿಡಿದು ನೋಡಿ. ತಪ್ಪು ಎಲ್ಲಾಗಿದೆ ಅಂತ ಆ ಹೋಳಿನಲ್ಲೇ ಕಾಣುತ್ತದೆ. ಹೊಸದಾಗಿ ಬೇಕಿಂಗ್ ಶುರು ಮಾಡಿದ ಮಕ್ಕಳು ಬೇಸರದಲ್ಲಿ ಈ ಕೆಲಸ ಬಿಟ್ಟು, ಸೀದಾ ಬೇರೆ ರೆಸಿಪಿ ಹುಡುಕುತ್ತಾರೆ. ಆ ಹೊಸ ರೆಸಿಪಿಯೂ ಅದೇ ಓಟಿಜಿಯಲ್ಲಿ (ಕರೆಂಟಿನ ಪುಟ್ಟ ಓವನ್), ಅದೇ ಬೆಣ್ಣೆಯಲ್ಲಿ, ಅದೇ ಲೋಟದ ಅಳತೆಯಲ್ಲಿ ತಯಾರಾಗುತ್ತದೆ. ಹಾಗಾಗಿ ಅದೂ ಕೂರುತ್ತದೆ.

ನನ್ನ ತಂಗಿಯ ಮಗಳು ಹತ್ತನೇ ಕ್ಲಾಸು. ಮನೆ ನಿಟುವಳ್ಳಿಯಲ್ಲಿ. ಭಾನುವಾರ ಬಂತೆಂದರೆ ಅಜ್ಜನಿಗೆ ಬೆಣ್ಣೆ ಬಿಸ್ಕತ್ತು, ತಮ್ಮನಿಗೆ ಬಾಳೆಹಣ್ಣಿನ ಕೇಕ್, ಎಲ್ಲರಿಗೂ ಸಂಜೆ ಚಹಾದ ಜೊತೆ ರವೆ ಕೇಕ್. ಏನಾದರೂ ಕೈಕೊಟ್ಟರೆ ನನಗೆ ಫೋನ್ ಬರುತ್ತದೆ: "ದೊಡ್ಡಮ್ಮಾ, ಮತ್ತೆ ಕುಂತ್ಕಂಡ್ತು!" ಅವಳಂಥ ಮಕ್ಕಳು ನಮ್ಮ ಊರಲ್ಲಿ ಈಗ ಬಹಳ ಇದ್ದಾರೆ. ಅವರಿಗೆ, ಅವರ ಹಿಂದೆ ನಿಂತು ಪಾತ್ರೆ ತೊಳೆಯುವ ಅಮ್ಮಂದಿರಿಗೆ ಇದು ಉಪಯೋಗಕ್ಕೆ ಬರಲಿ.

ಇಷ್ಟು ವರ್ಷ ನೋಡಿದ್ದರಲ್ಲಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ನಮ್ಮ ಕಡೆ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಬಿಸಿಯಿಂದ ಬರುತ್ತವೆ. ಓಟಿಜಿಯ ಒಳಗೆ ಬಿಸಿ ಕಡಿಮೆ, ಅಡುಗೆಮನೆಯಲ್ಲಿ ಬಿಸಿ ಜಾಸ್ತಿ. ಒಳಗಿನದು ಕೇಕನ್ನು ಕೆಡಿಸುತ್ತದೆ, ಹೊರಗಿನದು ಬಿಸ್ಕತ್ತನ್ನು. ಅಳತೆ, ಸೋಡಾ ಎಲ್ಲ ಆಮೇಲೆ. ಅದಕ್ಕೇ ಹುಡುಕಾಟವನ್ನು ಬಿಸಿಯಿಂದಲೇ ಶುರು ಮಾಡಿ. ಮತ್ತೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೋಡಾ ಕಡಿಮೆ ಮಾಡಿ, ಬಿಸಿ ಹೆಚ್ಚಿಸಿ, ಹಾಲನ್ನೂ ಕಡಿಮೆ ಮಾಡಿದರೆ, ಕೇಕ್ ಚೆನ್ನಾಗಿ ಬಂದರೂ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ ಅಲ್ವಾ?

ನಡು ಕೂತ ಕೇಕ್

ಹೆಚ್ಚು ಫೋನ್ ಬರುವುದು ಇದಕ್ಕೇ. ಇದಕ್ಕೆ ಕಾರಣಗಳು ಹಲವು, ಹೋಳು ಮಾಡಿ ನೋಡಿದರೆ ಬೇರೆ ಬೇರೆಯಾಗಿ ಕಾಣುತ್ತವೆ.

ನಡುವೆ ಹಸಿ ಹಿಟ್ಟು ಅಥವಾ ಅಂಟಂಟಾದ ಒದ್ದೆ ಭಾಗ ಇದ್ದು, ಅಂಚು ಮಾತ್ರ ಚೆನ್ನಾಗಿ ಬೆಂದಿದ್ದರೆ ಕೇಕ್ ಬೇಯುವ ಮೊದಲೇ ಹೊರಗೆ ಬಂದಿದೆ. "ರೆಸಿಪಿಯಲ್ಲಿ ಹೇಳಿದಷ್ಟು ಹೊತ್ತು ಇಟ್ಟಿದ್ದೆ ದೊಡ್ಡಮ್ಮಾ" ಅನ್ನುತ್ತಾಳೆ ನಮ್ಮ ಹುಡುಗಿ. ಇಟ್ಟಿರುತ್ತಾಳೆ, ನಿಜವೇ. ಆದರೆ ಆ ಹೊತ್ತು ರೆಸಿಪಿ ಬರೆದವರ ಓಟಿಜಿಯ ಲೆಕ್ಕ. ನಿಮ್ಮದಕ್ಕೆ ಇನ್ನೂ ಹತ್ತು ನಿಮಿಷ ಬೇಕಾಗಬಹುದು. ಗಡಿಯಾರ ಬಿಟ್ಟು ಕಡ್ಡಿಯನ್ನು ನಂಬಿ. ನಡುವೆ ಚುಚ್ಚಿದ ಕಡ್ಡಿಗೆ ಒಣ ಪುಡಿ ಅಂಟಿದರೆ ಆಯಿತು. ಒದ್ದೆ ಹಿಟ್ಟು ಅಂಟಿದರೆ ಇನ್ನೂ ಬೇಕು.

ನಡು ಪೂರ್ತಿ ಬೆಂದಿದೆ, ಆದರೂ ಕೂತಿದೆ, ದೊಡ್ಡ ದೊಡ್ಡ ತೂತುಗಳಿವೆ, ಹಿಟ್ಟು ಟಿನ್‌ನ ಅಂಚಿಗೆ ಉಕ್ಕಿ ಬಂದ ಗುರುತಿದೆ ಅಂದರೆ ಸೋಡಾ ಅಥವಾ ಬೇಕಿಂಗ್ ಪೌಡರ್ ಜಾಸ್ತಿ ಆಗಿದೆ. ಗಾಳಿಗುಳ್ಳೆಗಳು ವೇಗವಾಗಿ ಉಬ್ಬಿ, ಸುತ್ತಲಿನ ಹಿಟ್ಟು ಗಟ್ಟಿಯಾಗುವ ಮೊದಲೇ ಒಡೆದುಹೋಗುತ್ತವೆ. ಒಂದು ಕಪ್ ಮೈದಾಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರ್ ಸಾಕು. ಸೋಡಾ ಆದರೆ ಕಾಲು ಚಮಚ. ಸೋಡಾಕ್ಕೆ ಬೇಕಿಂಗ್ ಪೌಡರ್‌ಗಿಂತ ಮೂರು ನಾಲ್ಕು ಪಟ್ಟು ಶಕ್ತಿ. ಒಂದರ ಜಾಗಕ್ಕೆ ಇನ್ನೊಂದನ್ನು ಅಷ್ಟೇ ಅಳತೆಯಲ್ಲಿ ಹಾಕಿದರೆ ಹೀಗೇ ಆಗುತ್ತದೆ.

ಮೇಲೆ ಚೆನ್ನಾಗಿದ್ದು ತಳದಲ್ಲಿ ಒಂದು ಬೆರಳಿನಷ್ಟು ದಪ್ಪನೆಯ, ತೂತಿಲ್ಲದ, ರಬ್ಬರಿನಂಥ ಪದರ ಕಂಡರೆ ನೀರಿನ ಅಂಶ ಹೆಚ್ಚಾಗಿದೆ. ಹಾಲು, ಮೊಸರು, ಬಾಳೆಹಣ್ಣು, ಬೆಣ್ಣೆಯೊಳಗಿನ ಮಜ್ಜಿಗೆ, ಇವುಗಳಲ್ಲಿ ಯಾವುದರಿಂದಲಾದರೂ ಬಂದಿರಬಹುದು. ಬೆಣ್ಣೆ, ಬಾಳೆಹಣ್ಣುಗಳ ವಿಷಯ ಮುಂದೆ ಹೇಳುತ್ತೇನೆ.

ಇನ್ನು ಬಾಗಿಲು. ಚಿಕ್ಕ ಓಟಿಜಿಯಲ್ಲಿ ಬಾಗಿಲು ತೆರೆದ ಕೂಡಲೇ ಬಿಸಿಗಾಳಿಯೆಲ್ಲ ಹೊರಗೆ ಬರುತ್ತದೆ. ಮೊದಲ 20–25 ನಿಮಿಷ ತೆರೆಯಲೇಬಾರದು. ಮನೆಯಲ್ಲಿ ತಮ್ಮ ತಂಗಿ ಇದ್ದರೆ ಅವರಿಗೂ ಇದನ್ನು ಹೇಳಿಡಿ.

ಓಟಿಜಿ ಹೇಳುವ ಬಿಸಿ, ನಿಜವಾದ ಬಿಸಿ

ಗುಂಡಿಯನ್ನು 180ಕ್ಕೆ ತಿರುಗಿಸಿದ ಮಾತ್ರಕ್ಕೆ ಒಳಗೆ 180 ಆಗುವುದಿಲ್ಲ. ಮನೆಯ ಓಟಿಜಿಗಳಲ್ಲಿ 20–30 ಡಿಗ್ರಿ ಆಚೀಚೆ ಇರುವುದು ಮಾಮೂಲು. ಒಳಗಿಡುವ ಚಿಕ್ಕ ಓವನ್ ಥರ್ಮಾಮೀಟರ್ ಸಿಕ್ಕರೆ ತಗೊಳ್ಳಿ, ಬೇರೆ ಯಾವ ಸಾಮಾನಿಗಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ. ಇಲ್ಲದಿದ್ದರೆ ಸಕ್ಕರೆಯಿಂದ ಪರೀಕ್ಷೆ ಮಾಡಬಹುದು.

ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಪುಟ್ಟ ಬಟ್ಟಲು ಮಾಡಿ, ಒಂದು ಚಮಚ ಸಕ್ಕರೆ ಹರಡಿ. ಓಟಿಜಿಯನ್ನು 175ಕ್ಕೆ ಇಟ್ಟು ಚೆನ್ನಾಗಿ ಕಾಯಿಸಿ, ಬಟ್ಟಲನ್ನು ನಡುವಿನ ಜಾಲರಿಯ ಮೇಲೆ 15 ನಿಮಿಷ ಇಡಿ. ಸಕ್ಕರೆ ಕಾಳುಕಾಳಾಗಿಯೇ ಉಳಿಯಬೇಕು. ಕರಗಿದರೆ ನಿಮ್ಮ ಓಟಿಜಿ ಹೇಳುವುದಕ್ಕಿಂತ ಹೆಚ್ಚು ಕಾಯುತ್ತಿದೆ. ಕರಗದಿದ್ದರೆ ಹೊಸ ಸಕ್ಕರೆ ಇಟ್ಟು 190ಕ್ಕೆ ಏರಿಸಿ ಇನ್ನೊಮ್ಮೆ 15 ನಿಮಿಷ. ಈಗ ಕರಗಬೇಕು. ಆಗಲೂ ಕಾಳಾಗಿಯೇ ಇದ್ದರೆ ಓಟಿಜಿ ತಣ್ಣಗಿದೆ, ನೀವು ಗುಂಡಿಯನ್ನು 20 ಡಿಗ್ರಿ ಮುಂದಕ್ಕೆ ಇಟ್ಟು ಬೇಯಿಸಬೇಕು. ಕರಗಿದ ಸಕ್ಕರೆ ಕೈಗೆ ತಾಕಿದರೆ ಕಚ್ಚಿ ಹಿಡಿದು ಸುಡುತ್ತದೆ. ಆ ಬಟ್ಟಲನ್ನು ದೊಡ್ಡವರೇ ತೆಗೆಯಲಿ.

ಕಾಯಿಸುವ ವಿಷಯದಲ್ಲಿ ಇನ್ನೊಂದು ಮಾತು. ಕೆಂಪು ದೀಪ ಮೊದಲ ಸಲ ಆರಿದಾಗ ಒಳಗಿನ ಗಾಳಿ ಮಾತ್ರ ಕಾದಿರುತ್ತದೆ. ಗೋಡೆ, ತಟ್ಟೆ ಇನ್ನೂ ಕಾದಿರುವುದಿಲ್ಲ. ದೀಪ ಆರಿದ ಮೇಲೆ ಇನ್ನೂ ಐದು ನಿಮಿಷ ಬಿಟ್ಟು ಕೇಕ್ ಇಡಿ.

ಈಗ ಕರೆಂಟು. ಬೆಳಿಗ್ಗೆ ಮಾಡಿದ ಕೇಕ್ ಚೆನ್ನಾಗಿ ಬಂದು, ಅದೇ ಕೇಕ್ ಸಂಜೆ ಮಾಡಿದಾಗ ಕೂತರೆ ನಾನು ಮೊದಲು ಕೇಳುವುದು ವೋಲ್ಟೇಜ್. ಇದನ್ನು ಯಾವ ರೆಸಿಪಿಯಲ್ಲೂ ಬರೆದಿರುವುದಿಲ್ಲ, ಆದರೆ ಲೆಕ್ಕ ಬಹಳ ಸ್ಪಷ್ಟ. ಕಾಯಿಲ್ ಕೊಡುವ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಒಂಬತ್ತು ಹತ್ತನೇ ಕ್ಲಾಸಿನ ಮಕ್ಕಳು ಸೂತ್ರ ಹಾಕಿ ತಾವೇ ನೋಡಬಹುದು. 230 ವೋಲ್ಟ್‌ಗೆ 1200 ವ್ಯಾಟ್ ಕೊಡುವ ಓಟಿಜಿ 200 ವೋಲ್ಟ್‌ಗೆ ಸುಮಾರು 900 ವ್ಯಾಟ್ ಕೊಡುತ್ತದೆ. 180 ವೋಲ್ಟ್‌ಗೆ ಇಳಿದರೆ ಬರೀ 735. ವೋಲ್ಟೇಜ್ ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಬಿಸಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡಿಮೆ! ಕೆಂಪು ದೀಪ ಉರಿಯುತ್ತಲೇ ಇರುತ್ತದೆ, ಎಷ್ಟು ಹೊತ್ತಾದರೂ ಆರುವುದೇ ಇಲ್ಲ. ಅದೇ ಗುರುತು.

ವೋಲ್ಟೇಜ್ ನೋಡಲು ಮಕ್ಕಳು ಪ್ಲಗ್ಗಿಗೆ ಏನನ್ನೂ ಹಾಕುವುದು ಬೇಡ. ಫ್ರಿಡ್ಜಿನ ಸ್ಟೆಬಿಲೈಸರ್‌ನಲ್ಲಿ ಒಳಬರುವ ವೋಲ್ಟೇಜ್ ತೋರಿಸುವ ಗುಂಡಿ ಇದ್ದರೆ ಅದನ್ನೇ ಓದಿ. ಕಡಿಮೆ ಇದ್ದರೆ ಆ ಹೊತ್ತಿಗೆ ಕೇಕ್ ಬೇಡ, ಬೆಳಿಗ್ಗೆ ಮಾಡಿ. ಓಟಿಜಿಯನ್ನು ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಲೇಬಾರದು. 2000 ವ್ಯಾಟ್‌ನ ಓಟಿಜಿ ಸುಮಾರು 9 ಆ್ಯಂಪ್ ಕರೆಂಟ್ ಎಳೆಯುತ್ತದೆ. ಅದಕ್ಕೆ ಗೀಸರ್, ಎ.ಸಿ.ಗೆ ಇರುವಂಥ ದೊಡ್ಡ ಪವರ್ ಪಾಯಿಂಟೇ ಬೇಕು. ಪ್ಲಗ್ ಮುಟ್ಟಿದರೆ ಬಿಸಿ ಇದ್ದರೆ ಅಲ್ಲಿಗೆ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ.

ತಳ ಸೀದು, ಮೇಲೆ ಬೆಳ್ಳಗೆ

ಓಟಿಜಿಯಲ್ಲಿ ಹೀಗಾದರೆ ಕೆಳಗಿನ ಕಾಯಿಲ್ ಮಾತ್ರ ಕಾಯುತ್ತಿದೆ, ಅಥವಾ ಟಿನ್ ತೀರಾ ಕೆಳಗಿದೆ. ಕೇಕಿಗೆ ಎರಡೂ ಕಾಯಿಲ್ ಬೇಕು. ಚಿಕ್ಕ ಓಟಿಜಿಯಲ್ಲಿ ಉಬ್ಬಿದ ಕೇಕ್ ಮೇಲಿನ ಕಾಯಿಲಿಗೆ ಹತ್ತಿರ ಹೋಗಿ ನೆತ್ತಿ ಕಪ್ಪಾಗುತ್ತದೆ. ಬಣ್ಣ ಬಂದ ಮೇಲೆ ಫಾಯಿಲ್ ಸುಮ್ನೆ ಮೇಲೆ ಹೊದಿಸಿ, ಕಾಯಿಲಿಗೆ ತಾಕದಂತೆ. ನೆತ್ತಿ ಗುಡ್ಡದಂತೆ ಎದ್ದು ಬಿರಿದರೆ ಒಳಗೆ ಬಿಸಿ ಜಾಸ್ತಿ, ಇಲ್ಲವೇ ಟಿನ್ ಚಿಕ್ಕದಾಯಿತು. ಹಿಟ್ಟು ಟಿನ್‌ನ ಮೂರರಲ್ಲಿ ಎರಡು ಭಾಗ ದಾಟಬಾರದು.

ಕುಕ್ಕರಿನಲ್ಲಿ ಮಾಡುವವರಿಗೆ ತಳ ಸೀಯುವುದೇ ದೊಡ್ಡ ತೊಂದರೆ. ತಳಕ್ಕೆ ಒಂದು ಇಂಚು ಉಪ್ಪು ಅಥವಾ ಮರಳು ಹರಡಿ, ಅದರ ಮೇಲೆ ಸ್ಟ್ಯಾಂಡ್, ಸ್ಟ್ಯಾಂಡಿನ ಮೇಲೆ ಟಿನ್. ಟಿನ್ ನೇರವಾಗಿ ಉಪ್ಪಿಗೆ ತಾಕಬಾರದು. ಮುಚ್ಚಳದ ರಬ್ಬರ್ ಮತ್ತು ವಿಷಲ್ ಎರಡನ್ನೂ ತೆಗೆದಿರಬೇಕು. ಇದು ಮರೆತರೆ ಅಪಾಯ, ಹಾಗಾಗಿ ಒಲೆ ಹಚ್ಚುವ ಮೊದಲು ದೊಡ್ಡವರು ಒಮ್ಮೆ ನೋಡಲಿ. ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ, ಕೇಕ್ ಇಟ್ಟ ಮೇಲೆ ಉರಿಯನ್ನು ಪೂರ್ತಿ ಸಣ್ಣ ಮಾಡಿ, 40 ನಿಮಿಷದ ನಂತರ ಕಡ್ಡಿ ಚುಚ್ಚಿ. ಕುಕ್ಕರಿನ ಕೇಕ್ ಮೇಲೆ ಬೆಳ್ಳಗೇ ಇರುತ್ತದೆ. ಅದು ತಪ್ಪಲ್ಲ, ಅಲ್ಲಿ ಮೇಲಿನಿಂದ ಬಿಸಿ ಬರುವುದೇ ಇಲ್ಲ. ಈ ಕೆಲಸಕ್ಕೆ ಹಳೇ ಕುಕ್ಕರ್ ಒಂದನ್ನು ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಬೆಣ್ಣೆ ಬಿಸ್ಕತ್ತು ಹರಡಿ ತಟ್ಟೆಯಾದರೆ

ದಾವಣಗೆರೆಯವರಿಗೆ ಬೆಣ್ಣೆಯ ಬಗ್ಗೆ ಹೇಳಬೇಕಿಲ್ಲ. ಊರಿನ ದೋಸೆಗೆ ಹೆಸರು ಬಂದಿದ್ದೇ ಅದರಿಂದ. ನಮ್ಮ ಬಿಳಿ ಬೆಣ್ಣೆಯ ಬಿಸ್ಕತ್ತಿಗೆ ಇರುವ ಪರಿಮಳ ಪ್ಯಾಕೆಟ್ ಬೆಣ್ಣೆಗೆ ಬರುವುದಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಆ ಬೆಣ್ಣೆಯನ್ನು ತಿಳಿದು ಬಳಸಬೇಕು.

ಬಿಸ್ಕತ್ತು ಹರಡಿದಾಗ ಮೊದಲು ಅಡುಗೆಮನೆಯ ಬಿಸಿ ನೋಡಿ. ಬೆಣ್ಣೆ ಕರಗುವುದು 32–35 ಡಿಗ್ರಿಗೆ. ಸಕ್ಕರೆಯ ಜೊತೆ ಬೀಸಿ ಗಾಳಿ ತುಂಬಿಸಲು ಅದು 20 ಡಿಗ್ರಿ ಆಸುಪಾಸಿನಲ್ಲಿರಬೇಕು. ರೆಸಿಪಿಗಳಲ್ಲಿ "ಹೊರಗಿಟ್ಟ ಬೆಣ್ಣೆ" ಅಂತ ಬರೆಯುವುದು ತಣ್ಣನೆಯ ಊರಿನವರು. ಏಪ್ರಿಲ್, ಮೇನಲ್ಲಿ ನಮ್ಮ ಊರಲ್ಲಿ ಹೊರಗೆ 38 ದಾಟುವ ದಿನಗಳಿವೆ. ಕಟ್ಟೆ ಮೇಲಿಟ್ಟ ಬೆಣ್ಣೆ ಹತ್ತು ನಿಮಿಷದಲ್ಲಿ ಎಣ್ಣೆ. ಎಣ್ಣೆಯಾದ ಬೆಣ್ಣೆಯನ್ನು ಎಷ್ಟು ಬೀಸಿದರೂ ಅದರೊಳಗೆ ಗಾಳಿ ನಿಲ್ಲುವುದಿಲ್ಲ. ಬಟ್ಟಲಿನ ಅಂಚಿನಲ್ಲಿ ಮಿರಮಿರ ಹೊಳೆಯುವ ಜಿಡ್ಡು ಕಂಡರೆ ಅಲ್ಲಿಗೆ ಬೀಸುವುದನ್ನು ನಿಲ್ಲಿಸಿ, ಬಟ್ಟಲನ್ನು ಕಾಲು ಗಂಟೆ ಫ್ರಿಡ್ಜಿನಲ್ಲಿಡಿ. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳು ಒಳಗೆ ಜಾರಬಾರದು. ಅದೇ ಹದ.

ಬೇಸಿಗೆಯಲ್ಲಿ ಬಿಸ್ಕತ್ತನ್ನು ಬೆಳಿಗ್ಗೆ ಆರು ಗಂಟೆಗೇ ಶುರು ಮಾಡಿ. ಉಂಡೆ ಮಾಡಿ ತಟ್ಟೆಯಲ್ಲಿ ಜೋಡಿಸಿದ ಮೇಲೆ ತಟ್ಟೆ ಸಮೇತ ಅರ್ಧ ಗಂಟೆ ಫ್ರಿಡ್ಜಿನಲ್ಲಿಟ್ಟು, ಅಲ್ಲಿಂದ ಸೀದಾ ಕಾದ ಓಟಿಜಿಗೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದಾಗ ಮನೆಯಲ್ಲಿ ಜಾಗವೂ ಇರುವುದಿಲ್ಲ, ಸೆಖೆಯೂ ಶುರುವಾಗಿರುತ್ತದೆ. ಅಂಥ ಸಮಯದಲ್ಲಿ ಉಂಡೆಗಳನ್ನು ಹಿಂದಿನ ರಾತ್ರಿಯೇ ಮಾಡಿ ಡಬ್ಬಿಯಲ್ಲಿ ಹಾಕಿ ಫ್ರಿಡ್ಜಿನಲ್ಲಿಟ್ಟರೆ ಬೆಳಿಗ್ಗೆ ಬೇಯಿಸುವುದಷ್ಟೇ ಕೆಲಸ.

ಫ್ರಿಡ್ಜಿನಲ್ಲಿಟ್ಟರೂ ಹರಡಿದರೆ ಬೆಣ್ಣೆಯೊಳಗಿನ ನೀರು ನೋಡಿ. ಪ್ಯಾಕೆಟ್ ಬೆಣ್ಣೆಯಲ್ಲಿ ನೂರು ಗ್ರಾಂಗೆ 80 ಗ್ರಾಂ ಆಸುಪಾಸು ಜಿಡ್ಡಿರುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆ, ತೂಕಕ್ಕೆ ಕೊಡುವ ಬೆಣ್ಣೆ ದಿನದಿಂದ ದಿನಕ್ಕೆ ಬೇರೆ. ಸರಿಯಾಗಿ ಹಿಂಡದಿದ್ದರೆ ಮಜ್ಜಿಗೆ ಒಳಗೇ ಉಳಿದಿರುತ್ತದೆ. ಪರೀಕ್ಷೆ ಸುಲಭ. 100 ಗ್ರಾಂ ಬೆಣ್ಣೆ ತೂಗಿ, ಸಣ್ಣ ಉರಿಯಲ್ಲಿ ಬರೀ ಕರಗಿಸಿ, ಕುದಿಸಬೇಡಿ. ಗಾಜಿನ ಲೋಟಕ್ಕೆ ಬಗ್ಗಿಸಿ ಸುಮ್ಮನೆ ಬಿಡಿ. ಹಳದಿ ಜಿಡ್ಡು ಮೇಲೆ, ಬೆಳ್ಳಗಿನ ನೀರು ಕೆಳಗೆ ನಿಲ್ಲುತ್ತದೆ. ಆರಿದ ಮೇಲೆ ಫ್ರಿಡ್ಜಿನಲ್ಲಿಡಿ. ಗಟ್ಟಿಯಾದ ಜಿಡ್ಡಿಗೆ ಒಂದು ತೂತು ಮಾಡಿ ನೀರು ಬಸಿದು, ಉಳಿದದ್ದನ್ನು ತೂಗಿ. 80 ಬಂದರೆ ಬೆಣ್ಣೆ ಸರಿಯಿದೆ. 70 ಬಂದರೆ ನಿಮ್ಮ ಬಿಸ್ಕತ್ತಿಗೆ ಜಿಡ್ಡು ಕಡಿಮೆ, ನೀರು ಜಾಸ್ತಿ ಹೋಗುತ್ತಿದೆ. ಇಂಥ ಬೆಣ್ಣೆಯ ಬಿಸ್ಕತ್ತು ಹರಡುವುದಷ್ಟೇ ಅಲ್ಲ, ಆರಿದ ಮೇಲೆ ಗಟ್ಟಿಯಾಗಿ ಹಲ್ಲಿಗೆ ಸಿಗದಂತಾಗುತ್ತದೆ. ಮೈದಾಕ್ಕೆ ನೀರು ಸೇರಿ ನಾದಿದಂತೆಲ್ಲ ಅದು ಎಳೆಎಳೆಯಾಗಿ ಬಿಗಿಯುತ್ತದೆ.

ಪರಿಹಾರ: ಬೆಣ್ಣೆಯನ್ನು ಐಸ್ ನೀರಿನಲ್ಲಿ ಎರಡು ಮೂರು ಸಲ ತೊಳೆದು, ನೀರು ತಿಳಿಯಾಗುವವರೆಗೆ ಕೈಯಲ್ಲಿ ಒತ್ತಿ ಒತ್ತಿ ಹಿಂಡಿ. ಆಮೇಲೆ ತೂಗಿ. ತುಪ್ಪ ಬಳಸುವವರು 100 ಗ್ರಾಂ ಬೆಣ್ಣೆಯ ಜಾಗಕ್ಕೆ 80 ಗ್ರಾಂ ತುಪ್ಪ ಹಾಕಿ. ಮೈದಾ ಹಾಕಿದ ಮೇಲೆ ನಾದುವ ಕೆಲಸವೇ ಇಲ್ಲ. ಬೆರಳ ತುದಿಯಲ್ಲಿ ಕೂಡಿಸಿ, ಉಂಡೆ ನಿಂತರೆ ಸಾಕು.

ಓಟಿಜಿಯಿಂದ ತೆಗೆದಾಗ ಬಿಸ್ಕತ್ತು ಮೆತ್ತಗಿರುವುದು ಸಹಜ. ಆರಿದಾಗ ಗರಿಯಾಗುತ್ತದೆ. ಮೆತ್ತಗಿದೆ ಅಂತ ಇನ್ನೂ ಹತ್ತು ನಿಮಿಷ ಇಟ್ಟರೆ ತಳ ಕಂದುತ್ತದೆ. ಪೂರ್ತಿ ಆರಿದ ಮೇಲೂ ಮೆತ್ತಗೆ ಉಳಿದರೆ 130 ಡಿಗ್ರಿಗೆ ಎಂಟು ಹತ್ತು ನಿಮಿಷ ಒಣಗಿಸಿ. ಬಿಸಿ ಇರುವಾಗ ಡಬ್ಬಿಗೆ ತುಂಬಬೇಡಿ, ಮುಚ್ಚಳದಲ್ಲಿ ಹಬೆ ನಿಂತು ಎಲ್ಲ ಮೆತ್ತಗಾಗುತ್ತವೆ.

ಕಪ್, ಲೋಟ, ಬಾಳೆಹಣ್ಣು

ರೆಸಿಪಿಯ ಕಪ್ ಅಂದರೆ 240 ಮಿಲಿ. ನಿಮ್ಮ ಮನೆಯ ಸ್ಟೀಲ್ ಲೋಟ ಎಷ್ಟು ಹಿಡಿಯುತ್ತದೆ ಅಂತ ತಕ್ಕಡಿಯ ಮೇಲಿಟ್ಟು ನೀರು ತುಂಬಿ ನೋಡಿ. 240 ಗ್ರಾಂ ನೀರು ಹಿಡಿದರೆ ಅದೇ ಕಪ್. ಜರಡಿ ಹಿಡಿದು ಚಮಚದಲ್ಲಿ ತುಂಬಿದ ಒಂದು ಕಪ್ ಮೈದಾ 120–125 ಗ್ರಾಂ ತೂಗುತ್ತದೆ. ಅದೇ ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತುಂಬಿದರೆ 150 ಆಗಬಹುದು. ಕೇಕ್ ಒಣಗಿ ಪುಡಿಯಾಗುತ್ತಿದ್ದರೆ ಇಲ್ಲಿ ನೋಡಿ.

ಸಕ್ಕರೆಯಲ್ಲಿ ಬಹಳ ಮಂದಿಗೆ ಗೊತ್ತಾಗದೇ ನಡೆಯುವ ಏರುಪೇರು ಒಂದಿದೆ. ಒಂದು ಕಪ್ ಸಕ್ಕರೆ 200 ಗ್ರಾಂ. ಒಂದು ಕಪ್ ಸಕ್ಕರೆ ಪುಡಿ ಸುಮಾರು 120 ಗ್ರಾಂ. ರೆಸಿಪಿಯಲ್ಲಿ ಒಂದು ಕಪ್ ಪುಡಿ ಅಂತಿದ್ದು, ನೀವು ಒಂದು ಕಪ್ ಸಕ್ಕರೆ ಅಳೆದು ಮಿಕ್ಸಿಗೆ ಹಾಕಿ ಎಲ್ಲವನ್ನೂ ಸುರಿದರೆ 80 ಗ್ರಾಂ ಜಾಸ್ತಿ ಹೋಯಿತು. ಬಿಸ್ಕತ್ತು ಹರಡುವುದಕ್ಕೆ, ಕೇಕ್ ನಡು ಕೂರುವುದಕ್ಕೆ ಇಷ್ಟು ಸಾಕು. ಪುಡಿ ಮಾಡಿದ ಮೇಲೆ ಅಳೆಯಿರಿ.

"ಮೂರು ಬಾಳೆಹಣ್ಣು" ಅಂತ ಬರೆದಿರುವ ರೆಸಿಪಿ ಯಾವ ಬಾಳೆಹಣ್ಣು ಅಂತ ಹೇಳುವುದಿಲ್ಲ. ಪಚ್ಚಬಾಳೆ ದೊಡ್ಡದು, ಸಿಪ್ಪೆ ತೆಗೆದರೂ ಒಂದಕ್ಕೆ 100 ಗ್ರಾಂ ಇರುತ್ತದೆ. ಏಲಕ್ಕಿ ಬಾಳೆ ಅದರ ಅರ್ಧವೂ ತೂಗುವುದು ಕಷ್ಟ. ಹಾಗಾಗಿ ಎಣಿಸಬೇಡಿ, ತೂಗಿ. ಒಂದೂವರೆ ಕಪ್ ಮೈದಾದ ಕೇಕಿಗೆ ಸಿಪ್ಪೆ ತೆಗೆದ ಹಣ್ಣು 300 ಗ್ರಾಂ ಸರಿಯಾಗುತ್ತದೆ. ಉಳಿದ ಹಣ್ಣು ಹಾಳಾಗುತ್ತದೆ ಅಂತ ಎಲ್ಲವನ್ನೂ ಹಾಕಿದರೆ ತಳದಲ್ಲಿ ಆ ಅಂಟು ಪದರ ಬರುತ್ತದೆ.

ರವೆ ಕೇಕ್ ಒಣಗಿ ಮರಳುಮರಳಾದರೆ ನೆನೆದಿಲ್ಲ ಅಂತ ಅರ್ಥ. ಚಿರೋಟಿ ರವೆಯನ್ನು ಮೊಸರು, ಹಾಲಿನಲ್ಲಿ ಅರ್ಧ ಗಂಟೆ ನೆನೆಸಿ. ಅಷ್ಟರಲ್ಲಿ ಗಟ್ಟಿಯಾಗಿರುತ್ತದೆ, ಇನ್ನಷ್ಟು ಹಾಲು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ಸೋಡಾ, ಬೇಕಿಂಗ್ ಪೌಡರ್ ಹಾಕುವುದು ಕೊನೆಗೆ, ಓಟಿಜಿ ಕಾದ ಮೇಲೆ.

ಸೋಪಿನ ರುಚಿ, ಕೆಂಪು ಚುಕ್ಕೆ, ಉಬ್ಬದ ಹಿಟ್ಟು

ಕೇಕ್ ಕಹಿಯಾಗಿ ಸೋಪಿನಂಥ ರುಚಿ ಬಂದು, ಬಣ್ಣವೂ ಬೇಗ ಕಂದಾದರೆ ಸೋಡಾ ಉಳಿದುಬಿಟ್ಟಿದೆ. ಸೋಡಾಕ್ಕೆ ಹುಳಿ ಬೇಕು. ಒಂದು ಕಪ್ ಮೊಸರಿಗೆ ಅರ್ಧ ಚಮಚ ಸೋಡಾ ಸರಿಹೋಗುತ್ತದೆ. ಬರೀ ಹಾಲು ಹಾಕಿದ ಕೇಕಿಗೆ ಸೋಡಾ ಬೇಡ, ಬೇಕಿಂಗ್ ಪೌಡರ್ ಹಾಕಿ. ಮೊಟ್ಟೆಯಿಲ್ಲದ ಕೇಕಿಗೆ ಬಣ್ಣ ಬರಲಿ ಅಂತ ಚಿಟಿಕೆ ಅರಿಶಿನ ಹಾಕುವವರಿದ್ದಾರೆ. ಅಂಥ ಕೇಕಿನಲ್ಲಿ ಕೆಂಪು ಚುಕ್ಕೆಗಳು ಕಂಡರೆ ಹೆದರಬೇಡಿ. ಸೋಡಾ ಗಂಟಾಗಿ ನಿಂತ ಕಡೆ ಅರಿಶಿನ ಕೆಂಪಾಗಿದೆ. ಮುಂದಿನ ಸಲ ಸೋಡಾವನ್ನು ಮೈದಾದ ಜೊತೆ ಎರಡು ಸಲ ಜರಡಿ ಹಿಡಿಯಿರಿ.

ಕೇಕ್ ಉಬ್ಬಲೇ ಇಲ್ಲ, ಬಿಗಿಯಾಗಿದೆ ಅಂದರೆ ಪೌಡರ್ ಹಳೆಯದಾಗಿರಬಹುದು. ಕಾಲು ಕಪ್ ಬಿಸಿನೀರಿಗೆ ಅರ್ಧ ಚಮಚ ಬೇಕಿಂಗ್ ಪೌಡರ್ ಹಾಕಿ, ಬುಸುಬುಸು ನೊರೆ ಬರಬೇಕು. ಸೋಡಾ ಆದರೆ ನಿಂಬೆರಸದಲ್ಲಿ ನೋಡಿ. ಬೇಕಿಂಗ್ ಪೌಡರ್ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಅದು ಡಬ್ಬಿಯಲ್ಲೇ ಕೆಲಸ ಮುಗಿಸಿಬಿಡುತ್ತದೆ. ಈನೋ ಹಾಕುವವರು ಕಲಸಿದ ಕೂಡಲೇ ಕೇಕನ್ನು ಒಳಗಿಡಿ, ಅದರ ನೊರೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಬನ್ ಏರದಿದ್ದರೆ ನೀರಿನ ಬಿಸಿ ನೋಡಿ. ಈಸ್ಟಿಗೆ 38–43 ಡಿಗ್ರಿ ಹಿತ, 60 ದಾಟಿದರೆ ಸಾಯುತ್ತದೆ. ಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ ಸೇರಿಸಿ ಹತ್ತು ನಿಮಿಷ ಬಿಡಿ, ನೊರೆ ಬಂದರೆ ಮಾತ್ರ ಮುಂದೆ ಹೋಗಿ. ಬೇಸಿಗೆಯಲ್ಲಿ ಹಿಟ್ಟು ರೆಸಿಪಿಯಲ್ಲಿ ಹೇಳಿದ್ದಕ್ಕಿಂತ ಬೇಗ ಏರುತ್ತದೆ. ಎರಡು ಪಟ್ಟಾದ ಕೂಡಲೇ ತೆಗೆಯಿರಿ, ಬಿಟ್ಟರೆ ಹುಳಿ ವಾಸನೆ ಬಂದು ಓಟಿಜಿಯಲ್ಲಿ ಕೂರುತ್ತದೆ.

ಬೇಯುವಾಗ ಕರೆಂಟ್ ಹೋದರೆ

ಬಾಗಿಲು ತೆರೆಯಬೇಡಿ. ಹತ್ತು ನಿಮಿಷದೊಳಗೆ ಬಂದರೆ ಹಾಗೇ ಮುಂದುವರಿಸಿ, ಕೊನೆಯಲ್ಲಿ ಅಷ್ಟು ಹೊತ್ತು ಜಾಸ್ತಿ ಕೊಡಿ. ಅಷ್ಟರೊಳಗೆ ಗ್ಯಾಸ್ ಮೇಲೆ ಕುಕ್ಕರ್ ಕಾಯಲು ಇಟ್ಟಿರಿ. ಕರೆಂಟ್ ಬರದಿದ್ದರೆ ಟಿನ್ ಅಲುಗಾಡಿಸದೆ ಕುಕ್ಕರಿಗೆ ಇಳಿಸಿ, ರಬ್ಬರ್, ವಿಷಲ್ ಇಲ್ಲದ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ನೆತ್ತಿ ಸ್ವಲ್ಪ ತಗ್ಗಬಹುದು, ಆದರೆ ಒಳಗೆ ಪೂರ್ತಿ ಬೇಯುತ್ತದೆ. ಬಿಸ್ಕತ್ತಾದರೆ ಈ ದಾರಿ ಬೇಡ. ಇನ್ನೂ ಒಳಗಿಡದ ಉಂಡೆಗಳನ್ನು ಫ್ರಿಡ್ಜಿನಲ್ಲೇ ಬಿಟ್ಟು, ಕರೆಂಟ್ ಬಂದ ಮೇಲೆ ಓಟಿಜಿಯನ್ನು ಮತ್ತೆ ಪೂರ್ತಿ ಕಾಯಿಸಿ ಇಡಿ.